ಗೇಟ್ ಮೀಮಾಂಸಾ ಸಂಗ್ರಹ

ಬೆಂಗಳೂರಿನ ಅಪಾರ್ಟ್‌ಮೆಂಟ್ ಶಾಸ್ತ್ರದಲ್ಲಿ ಯುಗಗಳು ಎರಡೇ: ರಿಜಿಸ್ಟರ್ ಯುಗ, ಆ್ಯಪ್ ಯುಗ. ಮೊದಲನೆಯದರ ಅವಶೇಷಗಳು ಈಗಲೂ ವಾಚ್‌ಮನ್ ಕೋಣೆಯಲ್ಲಿ ಸಿಗುತ್ತವೆ. ದಾರ ಕಟ್ಟಿದ ಬಾಲ್‌ಪೆನ್ನು, ಕಿವಿ ಮಡಚಿದ ಉದ್ದನೆಯ ಪುಸ್ತಕ, ‘ಭೇಟಿಯ ಉದ್ದೇಶ’ ಎಂಬ ಕಾಲಮ್ಮಿನಲ್ಲಿ ಮೇಲೊಂದು ‘ಪರ್ಸನಲ್’, ಅದರಡಿ ಪುಟದ ತುಂಬ ಡಿಟೋ ಗುರುತು. ಫೋನ್ ನಂಬರಿಗೆ ಒಂಬತ್ತೇ ಅಂಕಿ ಬರೆದವರೂ ಸಲೀಸಾಗಿ ಒಳಗೆ ಹೋಗುತ್ತಿದ್ದರು. ಪುಸ್ತಕಕ್ಕೆ ಯಾರ ಗುರುತೂ ಇರಲಿಲ್ಲ, ವಾಚ್‌ಮನ್‌ಗೆ ಎಲ್ಲರ ಗುರುತೂ ಇತ್ತು.

ಯುಗಸಂಧಿ 2016. ಏಪ್ರಿಲ್‌ನಲ್ಲಿ ಯುಪಿಐ ಅವತರಿಸಿತು, ನವೆಂಬರ್ 8ರ ರಾತ್ರಿ ದೊಡ್ಡ ನೋಟುಗಳು ಕಾಲವಾದವು, ಗೇಟು ಕಾಯುವ ಮೈಗೇಟ್ ಆ್ಯಪ್‌ನ ಕಂಪನಿ ಬೆಂಗಳೂರಿನಲ್ಲಿ ಹುಟ್ಟಿದ್ದೂ ಅದೇ ವರ್ಷ. ಇಂಥ ಗ್ರಹಕೂಟ ಮತ್ತೆ ಬಂದಿಲ್ಲ.

ಪೂರ್ವಪಕ್ಷದವರು (ಇವರಲ್ಲಿ ಹೆಚ್ಚಿನವರು ಅಸೋಸಿಯೇಷನ್ನಿನ ಖಜಾಂಚಿಗಳು) ವಾದಿಸುವುದೇನೆಂದರೆ, ಆ್ಯಪ್ ಬಂದು ವಾಚ್‌ಮನ್ನನ ಕೆಲಸ ತಗ್ಗಿತು. ಸಿದ್ಧಾಂತ ಬೇರೆ: ಕೆಲಸ ತಗ್ಗಲಿಲ್ಲ, ಮನೆಮನೆಗೆ ಹಂಚಿಹೋಯಿತು.

ಪ್ರತ್ಯಕ್ಷ ಪ್ರಮಾಣ ಹೀಗಿದೆ. ಹನ್ನೊಂದನೇ ಮಹಡಿಯ ಯಜಮಾನರು ಆಫೀಸಿನ ಮೀಟಿಂಗಿನಲ್ಲಿದ್ದಾರೆ. ಜೇಬಿನಲ್ಲಿ ಫೋನು ಗುರ್ ಎನ್ನುತ್ತದೆ: ಗೇಟಿನಲ್ಲಿ ಕೊರಿಯರ್ ಹುಡುಗ, ಬಿಡಬೇಕೋ ಬೇಡವೋ? ಮೇಜಿನಡಿ ಹೆಬ್ಬೆರಳು ಆಡುತ್ತದೆ, ಊರಿನ ಇನ್ನೊಂದು ತುದಿಯಲ್ಲಿ ಗೇಟು ತೆರೆಯುತ್ತದೆ. ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ವಾಚ್‌ಮನ್ ಇದ್ದ ಕಡೆ ಈಗ ಫ್ಲ್ಯಾಟಿಗೊಬ್ಬರು. ಯೂನಿಫಾರ್ಮಿಲ್ಲ, ಸಂಬಳವಿಲ್ಲ, ಇವರೇ ತಿಂಗಳು ತಿಂಗಳು ಮೆಂಟೇನೆನ್ಸ್ ಕಟ್ಟುತ್ತಾರೆ. ಅಸಲಿ ಸೆಕ್ಯೂರಿಟಿಯವರು ಪ್ಲಾಸ್ಟಿಕ್ ಕವರಿನಲ್ಲಿಟ್ಟ ಫೋನಿನ ಮೇಲೆ ಟೈಪಿಸುತ್ತ ನಿಂತಿರುತ್ತಾರೆ. ವರ್ಷಗಳಿಂದ ಬಂದುಹೋಗುವ ಮಾವನವರಿಗೂ ‘ಸಾರ್, ಒಂದು ಫೋಟೋ’. ಮಾವನವರು ಕ್ರಾಪು ಸರಿಮಾಡಿಕೊಳ್ಳುತ್ತಾರೆ.

ಶಬ್ದಪ್ರಮಾಣಕ್ಕೆ ಗೇಟಿನಾಚೆಯ ಬೇಕರಿಗೆ ಹೋಗಬೇಕು. ಅಲ್ಲಿ ಆಪ್ತವಾಕ್ಯ ನುಡಿಯುವುದು ಸೌಂಡ್‌ಬಾಕ್ಸ್: ಹಣ ಬಂತೆಂದು ಅದು ಕೂಗಿದರಷ್ಟೇ ಬಂತು, ಗಿರಾಕಿ ತೋರಿಸುವ ಹಸಿರು ಟಿಕ್ಕನ್ನು ಯಾರೂ ನಂಬರು. ಅದರ ಪಕ್ಕದ ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೋ ವೇವ್ ರೂಪಿಸಿದ್ದು ಮೋಟಾರಿನ ಬಿಡಿಭಾಗಗಳ ಲೆಕ್ಕಕ್ಕೆ. ಅದೀಗ ಎಳನೀರಿನ ಗಾಡಿ ಏರಿದೆ. 2023ರ ಆಗಸ್ಟ್ ತಿಂಗಳೊಂದರಲ್ಲೇ ಯುಪಿಐ ವಹಿವಾಟುಗಳ ಸಂಖ್ಯೆ 1,000 ಕೋಟಿ ದಾಟಿತು. ಇಷ್ಟು ಕೂಗಿದರೆ ಸರ್ಕಾರಕ್ಕೆ ಕೇಳಿಸದಿರುತ್ತದೆಯೇ? ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿಯ ವಹಿವಾಟು ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು. ಯುಪಿಐ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದೇ ತಡ, 2025ರ ಜುಲೈನಲ್ಲಿ ಬೆಂಗಳೂರಿನ ಹಲವು ಅಂಗಡಿಗಳ ಸ್ಟಿಕರ್ ಕಿತ್ತುಹೋಗಿ ‘ಕ್ಯಾಶ್ ಮಾತ್ರ’ ಎಂಬ ಚೀಟಿ ಬಂತು. ಶಬ್ದಪ್ರಮಾಣಕ್ಕೆ ಮೌನವೇ ಪ್ರತಿವಾದವೆಂದು ಬೇಕರಿಯವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಇನ್ನು ಅನುಪಲಬ್ಧಿ. ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವ ಇದನ್ನು ಭಾಟ್ಟ ಮೀಮಾಂಸಕರು ಪ್ರತ್ಯೇಕ ಪ್ರಮಾಣವೆಂದು ಒಪ್ಪಿದ್ದರು. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ನಿಂತು ಓಟಿಪಿಗೆ ಕಾದವರಿಗೆ ಇದರ ಮೇಲೆ ಭಾಷ್ಯ ಬೇಡ.

ಶಾಸ್ತ್ರಕಾರರು ತಡವರಿಸುವುದು ಒಂದೇ ಕಡೆ, ಮನೆಕೆಲಸದವರ ಅಧಿಕರಣದಲ್ಲಿ. ಅವರು ಬಂದ ನಿಮಿಷ, ಹೋದ ನಿಮಿಷ ಆ್ಯಪಿನಲ್ಲಿ ದಾಖಲಾಗುತ್ತದೆ; ಅವರಿಗೆ ಇಷ್ಟು ನಕ್ಷತ್ರವೆಂದು ಮನೆಯವರು ರೇಟಿಂಗ್ ಕೊಡುವ ಏರ್ಪಾಡೂ ಇದೆ. ಒಂದು ಮನೆ ಬಿಟ್ಟು ಇನ್ನೊಂದು ಮನೆ ಹುಡುಕುವಾಗ ಆ ನಕ್ಷತ್ರಗಳೇ ಅವರ ಜಾತಕ. ಸಂಬಳ ತಡಮಾಡುವ, ಭಾನುವಾರದ ರಜೆಗೂ ಮುಖ ಸಿಂಡರಿಸುವ ಮನೆಗೆ ಎಷ್ಟು ನಕ್ಷತ್ರ ಎಂದು ಕೇಳುವ ಗುಂಡಿ ಮಾತ್ರ ಅವರ ಕೈಗೆ ಬಂದಿಲ್ಲ. ಇದು ಅವ್ಯಾಪ್ತಿ ದೋಷವಲ್ಲವೇ ಎಂಬ ಆಕ್ಷೇಪವನ್ನು ಅಸೋಸಿಯೇಷನ್ ಗಂಭೀರವಾಗಿ ಪರಿಗಣಿಸಿ, ವಾರ್ಷಿಕ ಸಭೆಯ ಅಜೆಂಡಾದಲ್ಲಿ ‘ಇತರೆ ವಿಷಯಗಳು’ ಎಂಬಲ್ಲಿ ಸೇರಿಸಿತು. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋಯಿತು. ಸಭೆಗೆಂದು ತರಿಸಿದ್ದ ಸಮೋಸ ಯಾರಾದರೂ ಅನುಮತಿ ಒತ್ತಲೆಂದು ಗೇಟಿನಲ್ಲೇ ಕಾದಿತ್ತು.