ಬೇಡ ಎಂದವರ ಬಂಧುಗಳು

ಗೋವಾದ ಕಲಂಗುಟ್, ಬಾಗಾ ಬೀಚುಗಳಿಗೆ ಹೋಗಿಬಂದವರು ಅಲ್ಲಿನ ಮಾರಾಟಗಾರರನ್ನು ದೂರುವುದು ಕೇಳಿದರೆ, ಕೃತಘ್ನತೆಗೂ ಒಂದು ಮಿತಿ ಬೇಡವೇ ಅನಿಸುತ್ತದೆ. ಊರಲ್ಲಿ ನಮ್ಮನ್ನು ಕೇಳುವವರು ಯಾರಿದ್ದಾರೆ? ಬ್ಯಾಂಕಿನ ಕೌಂಟರಿನ ಮುಂದೆ ಎಷ್ಟು ಹೊತ್ತು ನಿಂತರೂ ಯಾರೂ ತಲೆ ಎತ್ತುವುದಿಲ್ಲ. ಬಾಗಾದಲ್ಲಾದರೆ ಮರಳ ಮೇಲೆ ಟವೆಲ್ ಹಾಸುವಷ್ಟರಲ್ಲಿ ನಾಲ್ಕೈದು ಮಂದಿ ಹಾಜರು. ಒಬ್ಬರಿಗೆ ನಿಮ್ಮ ಬರಿಗಾಲಿನ ಚಿಂತೆ, ಗೆಜ್ಜೆ ತಂದಿದ್ದಾರೆ. ಇನ್ನೊಬ್ಬರಿಗೆ ನಿಮ್ಮ ಬೆನ್ನಿನ ಚಿಂತೆ, ಮಸಾಜಿಗೆ ಸಿದ್ಧ. ಮತ್ತೊಬ್ಬರು ಹತ್ತಿ ಸುತ್ತಿದ ಕಡ್ಡಿ ಹಿಡಿದು ಆಗಲೇ ನಿಮ್ಮ ಕಿವಿಯೊಳಗೆ ಇಣುಕುತ್ತಿದ್ದಾರೆ. ಕಟ್ಟಿಕೊಂಡವರೂ ಗಮನಿಸದ ಗುಗ್ಗೆಯನ್ನು ಹತ್ತು ಮಾರು ದೂರದಿಂದ ಕಂಡ ಕಣ್ಣದು!

ಮಾತಿಗೆ ಬೆಲೆ ಕೊಡುವುದನ್ನೂ ಅವರಿಂದ ಕಲಿಯಬೇಕು. ‘ಆಮೇಲೆ ನೋಡೋಣ’ ಎಂದು ನಾವು ಜೀವನಪೂರ್ತಿ ನೂರಾರು ಜನರಿಗೆ ಹೇಳಿರುತ್ತೇವೆ. ಯಾರೂ ಅದನ್ನು ನಂಬುವುದಿಲ್ಲ. ಬೀಚಿನ ಮಣಿಸರದವಳು ನಂಬುತ್ತಾಳೆ. ಮಧ್ಯಾಹ್ನ ನೀವು ಶ್ಯಾಕಿನಲ್ಲಿ ಕೂತು ಇಸ್ವಾಣ ಮೀನಿನ ಮೊದಲ ತುತ್ತು ಬಾಯಿಗಿಡುವ ಹೊತ್ತಿಗೆ ಆ ‘ಆಮೇಲೆ’ ಬಂದು ಎದುರಿಗೆ ನಿಂತಿರುತ್ತದೆ. ನಿಮ್ಮನ್ನು ಇಷ್ಟು ಸತ್ಯವಂತರೆಂದು ಭಾವಿಸಿದವರು ಬೇರೆ ಯಾರಿದ್ದಾರೆ, ಹೇಳಿ.

ಇನ್ನು ಕನ್ನಡದ ಸೇವೆ. ಇವರಲ್ಲಿ ಅನೇಕರು ಗದಗ, ವಿಜಯಪುರ ಕಡೆಯ ತಾಂಡಾಗಳಿಂದ ದುಡಿಯಲು ಬಂದ ಲಂಬಾಣಿ ಹೆಣ್ಣುಮಕ್ಕಳು. ಬೆಂಗಳೂರಿನ ಗಂಡ ತನ್ನ ಹೆಂಡತಿಗೆ, ಯಾರಿಗೂ ತಿಳಿಯದೆಂಬ ಧೈರ್ಯದಲ್ಲಿ, ‘ಆ ಕಡೆ ನೋಡ್ಬೇಡ ಕಣೇ, ನೋಡಿದ್ರೆ ಬಿಡಲ್ಲ’ ಎನ್ನುತ್ತಾನೆ. ‘ಬಿಡ್ತೀನ್ರಿ ಅಣ್ಣಾರ, ಒಂದ್ ಜೋಡಿ ಗೆಜ್ಜಿ ತಗೊಂಡ್ಬಿಡ್ರಿ. ಮುಂಜಾನಿಂದ ಬೋಣಿ ಆಗಿಲ್ಲ’ ಎಂದು ಉತ್ತರ ಬರುತ್ತದೆ. ಹಿಂದಿಯವರಿಗೆ ಹಿಂದಿ, ರಷ್ಯದವರಿಗೆ ನಾಲ್ಕು ಮಾತು ರಷ್ಯನ್, ನಮಗೆ ಮಾತ್ರ ಅಚ್ಚ ಕನ್ನಡ. ಗಡಿಯಾಚೆ ನಿಂತು ಕನ್ನಡದಲ್ಲೇ ವ್ಯಾಪಾರ ಮಾಡುವ ಇವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಲು ಇನ್ನೂ ಯಾರಿಗೂ ತೋಚಿಲ್ಲ.

ಅವರು ಮಾರುವುದು ಮಣಿಸರ ಮಾತ್ರವೆಂದು ತಿಳಿದವರು ವ್ಯಾಪಾರ ಬಲ್ಲವರಲ್ಲ. ಹೋಟೆಲಿನವರು ಹೇಳಿದಷ್ಟು ಬಾಡಿಗೆ, ಟ್ಯಾಕ್ಸಿಯವನು ಕೇಳಿದಷ್ಟು ದುಡ್ಡು ತೆತ್ತ ಯಜಮಾನರು ಇಲ್ಲಿ ಮಾತ್ರ ಸಿಂಹವಾಗುತ್ತಾರೆ. ನಾನೂರರ ಸರವನ್ನು ನೂರೈವತ್ತಕ್ಕೆ ಇಳಿಸಿ ಎದೆಯುಬ್ಬಿಸುತ್ತಾರೆ. ಇಡೀ ರಜೆಯಲ್ಲಿ ಅವರು ಗೆದ್ದದ್ದು ಅದೊಂದೇ. ಆ ಗೆಲುವನ್ನು ಅವಳು ಸರದ ಜೊತೆಗೇ ಕಟ್ಟಿಕೊಡುತ್ತಾಳೆ, ಬೇರೆ ಬಿಲ್ ಇಲ್ಲ, ಜಿಎಸ್‌ಟಿಯೂ ಇಲ್ಲ.

ಸರ್ಕಾರಗಳು ಈ ಸೇವೆಯನ್ನು ಗುರುತಿಸಿಲ್ಲ ಎನ್ನುವಂತಿಲ್ಲ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ವಿದೇಶಿ ಪ್ರತಿನಿಧಿಗಳು ಬೆರಗಾಗಿ ನೋಡಬೇಕಾದ ಕಲೆಯದು. ಆ ಕಲೆಯ ಚೀಲ ಬೀಚಿನಲ್ಲಿ ವಿದೇಶಿಯರ ಮುಂದೆ ಹೋದರೆ ಉಪಟಳ. ಗೋವಾ ಸರ್ಕಾರ 2001ರ ಪ್ರವಾಸಿ ತಾಣಗಳ ಕಾಯ್ದೆಗೆ 2025ರಲ್ಲಿ ತಿದ್ದುಪಡಿ ತಂದು, ಇಂಥ ಉಪಟಳಕ್ಕೆ 5,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ ನಿಗದಿ ಮಾಡಿದೆ. ನಾವು ಐವತ್ತು ರೂಪಾಯಿಗೂ ಚೌಕಾಸಿ ಮಾಡುವ ಹೆಂಗಸಿಗೆ ಲಕ್ಷದ ಬೆಲೆ ಕಟ್ಟಿದ್ದು ಸರ್ಕಾರವೊಂದೇ.

ಆದ್ದರಿಂದ ಪ್ರವಾಸಿಗರು ಗೊಣಗಬಾರದು. ಅತಿಥಿಯನ್ನು ದೇವರೆಂದು ತಿಳಿಯುವ ನಾಡಿದು. ನಮ್ಮಲ್ಲಿ ದೇವರನ್ನು ಯಾವತ್ತು ಸುಮ್ಮನೆ ಕೂರಲು ಬಿಟ್ಟಿದ್ದೇವೆ? ಬೆಳಗಾಗುವ ಮೊದಲೇ ಎಬ್ಬಿಸುತ್ತೇವೆ, ಕಿವಿಯ ಬಳಿ ಗಂಟೆ ಬಾರಿಸುತ್ತೇವೆ, ಕೇಳದೆಯೇ ಕೊರಳಿಗೆ ಹಾರ ಹಾಕಿ, ಆಮೇಲೆ ಬೇಕಾದ್ದನ್ನೆಲ್ಲ ಬೇಡುತ್ತೇವೆ. ಅವನು ಎಂದಾದರೂ ದೂರು ಕೊಟ್ಟಿದ್ದಾನೆಯೇ?