ನ್ಯಾನ್ಸಿಯ ಬಿಡುವು

ಹದಿಹರೆಯದ ಪತ್ತೇದಾರರ ಬುದ್ಧಿಯನ್ನು ಹೊಗಳುವುದು ರೂಢಿ. ಆದರೆ ಈ ಕಸುಬಿಗೆ ಬುದ್ಧಿ ಎರಡನೆಯ ಬಂಡವಾಳ, ಮೊದಲನೆಯದು ಬಿಡುವು. ಅಮೆರಿಕದ ನ್ಯಾನ್ಸಿ ಡ್ರೂಳನ್ನೇ ನೋಡಿ. 1930ರಲ್ಲಿ ಮೊದಲ ಪುಸ್ತಕ ಬಂದಾಗ ಅವಳಿಗೆ 16 ವರ್ಷ. 1959ರಿಂದ ಹಳೆಯ ಕಥೆಗಳನ್ನು ತಿದ್ದಿ ಬರೆಯತೊಡಗಿದಾಗ 18. ಇಷ್ಟು ನಿಧಾನಕ್ಕೆ ವಯಸ್ಸಾಗುವವರಿಗೆ ಯಾವ ಅವಸರ? ಪರೀಕ್ಷೆಯ ಕಾಟವಿಲ್ಲ. ತಾಯಿ ಇಲ್ಲದ್ದರಿಂದ “ಇಷ್ಟು ಹೊತ್ತಿನಲ್ಲಿ ಎಲ್ಲಿಗೆ ಹೊರಟೆ?” ಎಂದು ತಡೆಯುವವರಿಲ್ಲ. ಮನೆವಾರ್ತೆಯ ಹ್ಯಾನಾ ಊಟ ಬಡಿಸಿ, ಜೋಪಾನ ಎಂದಷ್ಟೇ ಹೇಳಿ ಕಳಿಸುತ್ತಾಳೆ. ತಂದೆ ಕಾರ್ಸನ್ ಡ್ರೂ ರಿವರ್ ಹೈಟ್ಸ್‌ನಲ್ಲಿ ಹೆಸರಾದ ವಕೀಲರು. ಮಗಳಿಗೆ ನೀಲಿ ಕಾರು ಕೊಡಿಸಿದ್ದಾರೆ, ಪೆಟ್ರೋಲಿನ ಲೆಕ್ಕ ಕೇಳುವುದಿಲ್ಲ. ಇಷ್ಟೆಲ್ಲ ಅನುಕೂಲವಿದ್ದೂ ಕಂಡವರ ಮನೆಯ ವ್ಯವಹಾರಕ್ಕೆ ಮೂಗು ತೂರಿಸದೆ ಕೂರುವುದು ಋಷಿಮುನಿಗಳಿಂದಲೂ ಆಗದ ಕೆಲಸ.

ಆ ಮೊದಲ ಕಥೆಯಲ್ಲಿ ಸತ್ತ ಮುದುಕ ಇವಳಿಗೆ ನೆಂಟನೂ ಅಲ್ಲ, ನೆರೆಯವನೂ ಅಲ್ಲ. ಅವನ ಆಸ್ತಿ ಜಂಬದ ಕುಟುಂಬವೊಂದರ ಪಾಲಾಗುವುದರಲ್ಲಿದೆ, ಇನ್ನೊಂದು ಉಯಿಲು ಎಲ್ಲೋ ಇರಬೇಕೆಂದು ಇವಳಿಗೆ ಗುಮಾನಿ. ಸರಿ, ಅದರ ಸುಳಿವಿರುವ ಮುದುಕನ ಗಡಿಯಾರ ಹುಡುಕುತ್ತ, ಸರೋವರದ ದಡದಲ್ಲಿರುವ ಆ ಕುಟುಂಬದ ಮನೆಗೆ ನುಗ್ಗುತ್ತಾಳೆ. ಅಲ್ಲಿ ಮೊದಲೇ ಸೇರಿಕೊಂಡಿದ್ದ ಕಳ್ಳರು ಇವಳನ್ನು ಬಟ್ಟೆಯ ಕಪಾಟಿಗೆ ತಳ್ಳಿ ಬೀಗ ಹಾಕುತ್ತಾರೆ. ಕತ್ತಲಲ್ಲಿ ತಡಕಾಡಿ, ಬಟ್ಟೆ ತೂಗುಹಾಕುವ ಕೋಲು ಕಿತ್ತು, ಬಾಗಿಲು ಮೀಟುತ್ತಾಳೆ. ಕೊನೆಗೆ ಬೀಗ ತೆಗೆಯುವವನು ಕಾವಲುಗಾರ. ಬೇರೆಯವರಾಗಿದ್ದರೆ ಮನೆಗೆ ಹೋಗಿ ಹೊದ್ದು ಮಲಗುತ್ತಿದ್ದರು. ಇವಳು ಕಳ್ಳರ ಬೆನ್ನು ಹತ್ತಿ, ಅವರ ವ್ಯಾನಿನಿಂದಲೇ ಆ ಗಡಿಯಾರ ಎತ್ತಿಕೊಂಡು, ಅದರೊಳಗಿನ ಪುಟ್ಟ ಪುಸ್ತಕ ಬಿಡಿಸಿ ಓದುತ್ತಾಳೆ. ಕದ್ದ ಮಾಲನ್ನು ಮತ್ತೆ ಎತ್ತಿದರೆ ಯಾವ ಸೆಕ್ಷನ್ ಬೀಳುತ್ತದೆಂದು ವಕೀಲ ತಂದೆಯೇ ಹೇಳಬೇಕು. ಇಷ್ಟಕ್ಕೂ ಫೀಸು ಮುಟ್ಟುವುದಿಲ್ಲ, ಆ ಗಡಿಯಾರವನ್ನು ನೆನಪಿಗೆಂದು ಇಟ್ಟುಕೊಳ್ಳುತ್ತಾಳೆ. ಬಾಡಿಗೆ ಕಟ್ಟುವ ತಾಪತ್ರಯ ಇಲ್ಲದವರಿಗೆ ಮಾತ್ರ ಬರುವ ಔದಾರ್ಯ ಇದು.

ಮಕ್ಕಳ ಪುಸ್ತಕಕ್ಕೆ ಬಾಡಿಗೆ ಲೆಕ್ಕ ಯಾಕೆ, ಹುಡುಗಿಯ ಧೈರ್ಯ ನೋಡಿ ಎಂದು ಯಾರಾದರೂ ಆಕ್ಷೇಪಿಸಬಹುದು. ಅವರ ಕಡೆ ಸಾಕ್ಷಿಗಳೂ ಗಟ್ಟಿ: ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಸಾಂಡ್ರಾ ಡೇ ಓಕಾನರ್, ರೂತ್ ಬೇಡರ್ ಗಿನ್ಸ್‌ಬರ್ಗ್, ಸೋನಿಯಾ ಸೊಟೊಮೇಯರ್ ಮೂವರೂ ಚಿಕ್ಕಂದಿನಲ್ಲಿ ಇವಳನ್ನು ಮೆಚ್ಚಿ ಓದಿದವರು. (ವಾರಂಟಿಲ್ಲದೆ ಮನೆ ಹೊಗುವವಳ ಅಭಿಮಾನಿಗಳು ವಾರಂಟಿನ ಸರಿತಪ್ಪು ತೀರ್ಮಾನಿಸುವ ಪೀಠ ಏರಿದರು!) ಧೈರ್ಯ ಸುಳ್ಳೆಂದು ನನ್ನ ವಾದವಲ್ಲ, ಅದಕ್ಕೆ ಬಿಡುವೇ ಗೊಬ್ಬರ ಎಂದಷ್ಟೆ. ಜನ ಕೆಲಸ ಕಳೆದುಕೊಳ್ಳುತ್ತಿದ್ದ ಆ ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ಓದುವ ಹುಡುಗಿಯರಿಗೆ ಕಳ್ಳ ಸಿಕ್ಕಿದ್ದಕ್ಕಿಂತ ಆ ಕಾರು, ಆ ಬಿಸಿಯೂಟವೇ ಹೆಚ್ಚು ರೋಚಕವಾಗಿ ಕಂಡಿರಬೇಕು. ಬಿಡುವು ಬರೆದಾಕೆಗಂತೂ ಇರಲಿಲ್ಲ. ಕ್ಯಾರಲಿನ್ ಕೀನ್ ಎಂಬ ಕಟ್ಟುಹೆಸರಿನ ಹಿಂದೆ ಮೊದಲ 30ರಲ್ಲಿ 23 ಪುಸ್ತಕ ಬರೆದುಕೊಟ್ಟ ಮಿಲ್ಡ್ರೆಡ್ ವರ್ಟ್ ಬೆನ್ಸನ್ ಅವರಿಗೆ ಆರಂಭದಲ್ಲಿ ದಕ್ಕಿದ್ದು ಪುಸ್ತಕಕ್ಕೆ 125 ಡಾಲರ್. ರಾಯಲ್ಟಿ ಇಲ್ಲ, ಬರೆದದ್ದು ನಾನೇ ಎನ್ನುವಂತಿಲ್ಲ. 1980ರಲ್ಲಿ ಪ್ರಕಾಶಕರ ಜಗಳ ಕೋರ್ಟಿನ ಮೆಟ್ಟಿಲೇರಿ, ಆಕೆ ಸಾಕ್ಷಿ ಹೇಳಬೇಕಾಗಿ ಬಂದಾಗ ಗುಟ್ಟು ಜಗಜ್ಜಾಹೀರಾಯಿತು. ಊರವರ ಉಯಿಲು ಹುಡುಕಿಕೊಟ್ಟ ನ್ಯಾನ್ಸಿಗೆ 50 ವರ್ಷ ಈ ಕೇಸಿನ ವಾಸನೆಯೂ ಹತ್ತಲಿಲ್ಲ.