ಅಜ್ಜನ ಜಾವಾಕ್ಕೆ ಮೊಮ್ಮಗನ ಬ್ಯಾಟರಿ

ಹುಣಸೂರು ದಾಟಿ ನಾಗರಹೊಳೆ ಕಡೆ ಹೊರಟರೆ ಕಾಡಿನ ಗೇಟು ಸಿಗುವುದು ವೀರನಹೊಸಹಳ್ಳಿಯಲ್ಲಿ. ಈ ಸೀಮೆಯ ಹಳೇ ಕೊಟ್ಟಿಗೆಗಳಲ್ಲಿ ಜಾವಾನೋ ಯೆಜ್ಡಿಯೋ ಬೈಕೊಂದು ಗೋಣಿಚೀಲ ಹೊದ್ದು ನಿಂತಿದ್ದರೆ ಅಚ್ಚರಿಯಿಲ್ಲ. ಅವುಗಳ ತವರು ಮೈಸೂರಿನ ಯಾದವಗಿರಿ. 1961ರಲ್ಲಿ ಗಾಡಿ ಮಾಡಲು ಶುರು ಮಾಡಿದ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಇನ್ನೂ ಹೊಗೆ ಬಿಡುತ್ತಲೇ ಇವೆ.

ಈಗ ಮೊಮ್ಮಕ್ಕಳಿಗೆ ಹೊಸ ಹುರುಪು: ಆಸಿಡ್ ಬ್ಯಾಟರಿ ಕಿತ್ತು ಲಿಥಿಯಂ ಕೂರಿಸುವುದು. ಆಸೆ ತಪ್ಪಲ್ಲ. ತೂಕ ಕಡಿಮೆ, ಡಿಸ್ಟಿಲ್ಡ್ ವಾಟರ್ ಕುಡಿಸುವ ಬಾಣಂತನವಿಲ್ಲ, ಆಸಿಡ್ ಚೆಲ್ಲಿ ಬಣ್ಣ ಏಳುವುದಿಲ್ಲ. ತಕರಾರು ಬರುವುದು ಡೈನಮೋ ಕಡೆಯಿಂದ. ಹಳೇ ಜಾವಾದ್ದು 6 ವೋಲ್ಟ್. ರೆಗ್ಯುಲೇಟರಿನ ಪಾಯಿಂಟು ಸವೆದಿದ್ದರೆ ಬ್ಯಾಟರಿಗೆ ಒಮ್ಮೆ ಉಪವಾಸ, ಒಮ್ಮೆ ಔತಣ. ಆಸಿಡ್ ಬ್ಯಾಟರಿ ಗೊಣಗುತ್ತಲಾದರೂ ಸಹಿಸುತ್ತದೆ. ಲಿಥಿಯಂಗೆ ಆ ತಾಳ್ಮೆಯಿಲ್ಲ. ವೋಲ್ಟೇಜು ಮೀರಿದರೆ ಒಳಗಿನ ಕಾವಲು ಸರ್ಕ್ಯೂಟು ಸಂಬಂಧವನ್ನೇ ಕಡಿದುಕೊಳ್ಳುತ್ತದೆ. ಆಮೇಲೆ ಡೈನಮೋದ ಸಿಟ್ಟೆಲ್ಲ ಬಲ್ಬಿನ ಮೇಲೆ. ಮುಸ್ಸಂಜೆ, ಕಾಡಂಚಿನ ರಸ್ತೆ, ಬಲ್ಬು ಸುಟ್ಟ ಗಾಡಿ. ಎದುರಿಗೆ ಬಂದ ಆನೆಗೆ ವಾರಂಟಿ ಕಾರ್ಡು ತೋರಿಸಲಾದೀತೇ?

ಹಾಕಲೇಬೇಕೆಂದರೆ ಲಿಥಿಯಂ ಐರನ್ ಫಾಸ್ಫೇಟಿನದೇ ಹಾಕಿ; 3.2 ವೋಲ್ಟಿನ ಎರಡು ಸೆಲ್ಲು ಸೇರಿದರೆ 6.4, ಜಾವಾಕ್ಕೆ ಸಾಕು. ಅದಕ್ಕೂ ಮುಂಚೆ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಿ. ಖರ್ಚೆಷ್ಟಾಯಿತೆಂದು ಮಾತ್ರ ಮನೆಯ ಹಿರಿಯರಿಗೆ ಹೇಳಬೇಡಿ.